ಬಿಸಿಜಿ ಕೈಕೊಟ್ಟ ಮೇಲೆ ಮೂತ್ರಕೋಶ ತೆಗೆಯಲೇಬೇಕಾ?

ಪ್ರಶ್ನೆ: ನಮ್ಮ ಯಜಮಾನರಿಗೆ 64 ವರ್ಷ. ಕಳೆದ ವರ್ಷ ಮೂತ್ರದಲ್ಲಿ ರಕ್ತ ಬಂತು. ದುರ್ಬೀನು ಹಾಕಿ ಮೂತ್ರಕೋಶದ ಕ್ಯಾನ್ಸರ್ ಗಡ್ಡೆ ತೆಗೆದರು. ‘ಟಿ1, ಹೈ ಗ್ರೇಡ್, ಜೊತೆಗೆ ಸಿಐಎಸ್’ ಎಂದು ರಿಪೋರ್ಟ್ ಬಂತು. ಕೆಲವು ವಾರ ಬಿಟ್ಟು ಅದೇ ಜಾಗವನ್ನು ಇನ್ನೊಮ್ಮೆ ಕೆರೆದು ನೋಡಿದರು. ಆಮೇಲೆ ಮೂತ್ರಕೋಶದೊಳಗೆ ವಾರಕ್ಕೊಂದರಂತೆ ಆರು ಡೋಸ್ ಬಿಸಿಜಿ ಔಷಧಿ, ಸ್ವಲ್ಪ ದಿನ ಬಿಟ್ಟು ಇನ್ನು ಮೂರು ಕೊಟ್ಟರು. ಈಗ ಆರು ತಿಂಗಳ ಪರೀಕ್ಷೆಯಲ್ಲಿ ಮತ್ತೆ ಅದೇ ಕಾಯಿಲೆ ಕಾಣಿಸಿದೆ. ಸಿಟಿ ಸ್ಕ್ಯಾನ್‌ನಲ್ಲಿ ಬೇರೆಲ್ಲೂ ಏನೂ ಇಲ್ಲ. ಡಾಕ್ಟರ್ ಮೂತ್ರಕೋಶವನ್ನೇ ತೆಗೆಯಬೇಕು ಅನ್ನುತ್ತಾರೆ. ಇವರು ಮಾತ್ರ, “ನೋವಿಲ್ಲ, ರಕ್ತ ಇಲ್ಲ, ಚೆನ್ನಾಗಿಯೇ ಇದ್ದೀನಿ, ಇನ್ನೊಂದು ಕೋರ್ಸ್ ಬಿಸಿಜಿ ಹಾಕಿಸಿಕೊಂಡರಾಯ್ತು” ಅನ್ನುತ್ತಾರೆ. ಬೇರೆ ಔಷಧಿ ಇಲ್ವಾ? ರೇಡಿಯೇಷನ್ ಕೊಟ್ಟು ಉಳಿಸಿಕೊಳ್ಳಲು ಆಗಲ್ವಾ? ಹೊಟ್ಟೆಗೆ ಮೂತ್ರದ ಚೀಲ ಕಟ್ಟಿಕೊಂಡು ಹೇಗೆ ಬದುಕುವುದು? ಕೇಳಲು ಸಂಕೋಚ, ಆದರೂ ಕೇಳುತ್ತೇನೆ: ಗಂಡ ಹೆಂಡತಿ ನಡುವಿನ ಸಂಬಂಧ ಏನಾಗುತ್ತದೆ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನೀವು ಬರೆದಿರುವ ವಿವರ ನೋಡಿದರೆ ನಿಮ್ಮ ಡಾಕ್ಟರ್ ಕೊಟ್ಟಿರುವ ಸಲಹೆ ಸರಿಯಾಗಿದೆ. ನಿಮ್ಮ ಯಜಮಾನರ ಮಾತು ಕೂಡ ನನಗೆ ಪೂರ್ತಿ ಅರ್ಥವಾಗುತ್ತದೆ. ನೋವಿಲ್ಲದ, ಕೆಲಸ ಮಾಡುತ್ತಲೇ ಇರುವ ಒಂದು ಅಂಗವನ್ನು ತೆಗೆಸಿಕೊಳ್ಳಿ ಅಂದರೆ ಯಾರು ತಾನೇ ಒಪ್ಪುತ್ತಾರೆ? ಆದರೆ ಈ ಆಪರೇಷನ್‌ನಿಂದ ಅತಿ ಹೆಚ್ಚು ಲಾಭ ಸಿಗುವುದು ಹೀಗೆ ಚೆನ್ನಾಗಿರುವಾಗಲೇ. ನೋವು ಶುರುವಾಗುವ ತನಕ ಕಾದರೆ, ಎಷ್ಟೋ ಸಲ ಕಾಯಿಲೆ ಮೂತ್ರಕೋಶ ದಾಟಿ ಹೋಗಿರುತ್ತದೆ.

ಯಾಕೆ ಅಂತ ಹೇಳಬೇಕಾದರೆ ಆ ರಿಪೋರ್ಟನ್ನು ಸ್ವಲ್ಪ ಬಿಡಿಸಿ ನೋಡಬೇಕು. ಮೂತ್ರಕೋಶದ ಒಳಗಡೆ ತೆಳ್ಳನೆಯ ಪೊರೆ ಇದೆ. ಅದರ ಕೆಳಗೆ ರಕ್ತನಾಳಗಳಿರುವ ಇನ್ನೊಂದು ಪದರ. ಅದರ ಹಿಂದೆ ದಪ್ಪ ಸ್ನಾಯು. ಕ್ಯಾನ್ಸರ್ ಮೇಲಿನ ಪೊರೆ ದಾಟಿ ಎರಡನೇ ಪದರಕ್ಕೆ ಇಳಿದಿದ್ದರೆ ಅದನ್ನು ಟಿ1 ಅನ್ನುತ್ತಾರೆ. ಸ್ನಾಯುವಿಗೆ ತಗುಲಿದರೆ ಟಿ2. ಸಿಐಎಸ್ ಅಂದರೆ ಗಡ್ಡೆಯಾಗಿ ಎದ್ದು ಕಾಣದೆ, ಗೋಡೆಗೆ ಪಾಚಿ ಹಿಡಿದ ಹಾಗೆ ಚಪ್ಪಟೆಯಾಗಿ ಹರಡುವ ಕ್ಯಾನ್ಸರ್. ಮೇಲ್ಪದರದಲ್ಲೇ ಇರುತ್ತದೆ, ಆದರೂ ಅದು ಸಾಧು ಅಲ್ಲ. ಅದರ ಜೀವಕೋಶಗಳು ಯಾವಾಗಲೂ ಹೈ ಗ್ರೇಡ್, ಅಂದರೆ ವೇಗವಾಗಿ ಬೆಳೆಯುವ ಜಾತಿ. ಎಲ್ಲಿ ಮುಗಿಯುತ್ತದೆ ಅಂತ ಕಣ್ಣಿಗೆ ಕಾಣುವುದೂ ಇಲ್ಲ. ಟಿ1 ಮತ್ತು ಸಿಐಎಸ್ ಎರಡೂ ಒಟ್ಟಿಗೆ ಇದ್ದರೆ, ಸ್ನಾಯುವಿಗೆ ಇನ್ನೂ ಇಳಿಯದ ಮೂತ್ರಕೋಶದ ಕ್ಯಾನ್ಸರ್‌ಗಳಲ್ಲಿ ಅದೇ ಅತ್ಯಂತ ಅಪಾಯದ ಗುಂಪು.

ಇದಕ್ಕೆ ಬಿಸಿಜಿ ಒಳ್ಳೆಯ ಔಷಧಿ. ಕ್ಷಯದ ಲಸಿಕೆಗೆ ಬಳಸುವ ಅದೇ ಬ್ಯಾಕ್ಟೀರಿಯಾ. 1976ರಲ್ಲಿ ಕೆನಡಾದ ಅಲ್ವಾರೊ ಮೊರಾಲೆಸ್ ಮತ್ತು ಅವರ ಜೊತೆಗಾರರು ಇದನ್ನು ಮೂತ್ರಕೋಶದ ಒಳಗೆ ಹಾಕಿ ಬಂದ ಫಲಿತಾಂಶವನ್ನು ಪ್ರಕಟಿಸಿದರು. ಅಲ್ಲಿಂದ ಇಲ್ಲಿಯ ತನಕ ಇದನ್ನು ಮೀರಿಸುವ ಔಷಧಿ ಸುಲಭವಾಗಿ ಸಿಕ್ಕಿಲ್ಲ. ದೇಹದ ರೋಗನಿರೋಧಕ ಶಕ್ತಿಯನ್ನು ಮೂತ್ರಕೋಶದ ಒಳಗೇ ಕೆರಳಿಸಿ ಕ್ಯಾನ್ಸರ್ ಮೇಲೆ ಬಿಡುವುದು ಇದರ ಕೆಲಸ. ಬಹಳ ಜನರಿಗೆ ಕೆಲಸ ಮಾಡುತ್ತದೆ, ಎಲ್ಲರಿಗೂ ಮಾಡುವುದಿಲ್ಲ.

ಯಾವಾಗ ಇದು ಸೋತಿದೆ ಎನ್ನುವುದಕ್ಕೆ ಒಂದು ಒಪ್ಪಿತ ಲೆಕ್ಕ ಇದೆ. ಮೊದಲ ಆರರಲ್ಲಿ ಕನಿಷ್ಠ ಐದು, ಮುಂದಿನ ಮೂರರಲ್ಲಿ ಕನಿಷ್ಠ ಎರಡು ಡೋಸ್ ಸಿಕ್ಕಿರಬೇಕು. ಅಷ್ಟಾದ ಮೇಲೂ ಕೊನೆಯ ಡೋಸಿನಿಂದ 6 ತಿಂಗಳೊಳಗೆ ಹೈ ಗ್ರೇಡ್ ಗಡ್ಡೆ, ಅಥವಾ 12 ತಿಂಗಳೊಳಗೆ ಸಿಐಎಸ್ ಕಂಡರೆ, ಇನ್ನು ಬಿಸಿಜಿಯಿಂದ ಆಗುವುದಿಲ್ಲ ಎಂದರ್ಥ. ನಿಮ್ಮ ಯಜಮಾನರಿಗೆ ಒಂಬತ್ತೂ ಡೋಸ್ ಆಗಿವೆ. ಹಾಗಾಗಿ ಇನ್ನೊಂದು ಕೋರ್ಸ್ ಕೇಳುವುದು ಬೇಡ. ಅದರಿಂದ ಪ್ರಯೋಜನ ಆಗುವ ಸಾಧ್ಯತೆ ತೀರಾ ಕಡಿಮೆ, ಮತ್ತು ಆ ಕೋರ್ಸ್ ಮುಗಿಸಿ ಮತ್ತೆ ನೋಡುವಷ್ಟರಲ್ಲಿ ಸುಮ್ನೆ ಮೂರ್ನಾಲ್ಕು ತಿಂಗಳು ಹೋಗಿರುತ್ತವೆ.

ಆ ತಿಂಗಳುಗಳ ಬೆಲೆ ಎಷ್ಟು? ಕ್ಯಾನ್ಸರ್ ಸ್ನಾಯುವಿಗೆ ಇಳಿಯುವ ಮುಂಚೆ ಮೂತ್ರಕೋಶ ತೆಗೆದರೆ, ಐದು ವರ್ಷದ ನಂತರವೂ ಹತ್ತರಲ್ಲಿ ಎಂಟಕ್ಕಿಂತ ಜಾಸ್ತಿ ಜನರಿಗೆ ಈ ಕಾಯಿಲೆ ಮರಳಿರುವುದಿಲ್ಲ. ಸ್ನಾಯುವಿಗೆ ಇಳಿದ ಮೇಲೆ ಅದು ಕೆಳಗೆ ಬರುತ್ತದೆ. ಲಿಂಫ್ ಗ್ರಂಥಿಗಳಿಗೆ ಹೋಗಿದ್ದರೆ ಅರ್ಧಕ್ಕಿಂತ ಕೆಳಗೆ. ಇನ್ನೊಂದು ವಿಷಯ ಜನರಿಗೆ ಗೊತ್ತಿರುವುದಿಲ್ಲ. ದುರ್ಬೀನಿನಲ್ಲಿ ತೆಗೆದ ಚೂರು ನೋಡಿ ‘ಟಿ1’ ಅಂದಿದ್ದರೂ, ಪೂರ್ತಿ ಮೂತ್ರಕೋಶ ತೆಗೆದು ಪರೀಕ್ಷಿಸಿದಾಗ ಸುಮಾರು ಮೂರರಲ್ಲಿ ಒಬ್ಬರಿಗೆ, ಕೆಲವು ಕಡೆ ಇನ್ನೂ ಜಾಸ್ತಿ ಜನರಿಗೆ, ಅದು ಆಗಲೇ ಸ್ನಾಯುವಿನಲ್ಲಿರುತ್ತದೆ. ಅಂದರೆ ನಾವು ಇದೆ ಅಂದುಕೊಂಡ ಸಮಯ ನಿಜವಾಗಿ ಇಲ್ಲದೆಯೂ ಇರಬಹುದು. ಚೆನ್ನಾಗಿದ್ದೀನಿ ಅನ್ನಿಸುವುದಕ್ಕೂ ಒಳಗಿನ ಕಾಯಿಲೆ ಎಷ್ಟು ಆಳದಲ್ಲಿದೆ ಎನ್ನುವುದಕ್ಕೂ ಸಂಬಂಧವೇ ಇಲ್ಲ.

ಬೇರೆ ಔಷಧಿಗಳಿವೆ, ಮತ್ತು ಈಚೆಗೆ ಚೆನ್ನಾಗಿಯೇ ಬೆಳೆದಿವೆ. 2020ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಪೆಂಬ್ರೊಲಿಜುಮಾಬ್ ಎಂಬ ಇಮ್ಯುನೊಥೆರಪಿ (ರೋಗನಿರೋಧಕ ಶಕ್ತಿಯಿಂದಲೇ ಕ್ಯಾನ್ಸರ್ ಎದುರಿಸುವ) ಔಷಧಿಗೆ ಒಪ್ಪಿಗೆ ಕೊಟ್ಟಿತು. ಅದನ್ನು ರಕ್ತನಾಳದ ಮೂಲಕ ಕೊಡುತ್ತಾರೆ. ಬಿಸಿಜಿ ಸೋತ ಸಿಐಎಸ್ ಇದ್ದವರಲ್ಲಿ ಶೇ. 41 ಜನರಿಗೆ ಕಾಯಿಲೆ ಮಾಯವಾಯಿತು. ಆದರೆ ಹಾಗೆ ಮಾಯವಾದವರಲ್ಲೂ ಒಂದು ವರ್ಷ ನಿಂತದ್ದು ಅರ್ಧಕ್ಕಿಂತ ಕಡಿಮೆ ಜನರಿಗೆ. ಒಟ್ಟು ಲೆಕ್ಕದಲ್ಲಿ ಐದರಲ್ಲಿ ಒಬ್ಬರು ಅಂದುಕೊಳ್ಳಿ. ಆಮೇಲೆ 2022ರಲ್ಲಿ ನಡೊಫರಜೀನ್ ಎಂಬ ಜೀನ್ ಚಿಕಿತ್ಸೆ ಬಂತು. ಅದನ್ನು ಮೂರು ತಿಂಗಳಿಗೊಮ್ಮೆ ಮೂತ್ರಕೋಶದೊಳಗೆ ಹಾಕುತ್ತಾರೆ. 2024ರಲ್ಲಿ ಬಿಸಿಜಿ ಜೊತೆಗೇ ಕೊಡುವ ಎನ್-803 ಎಂಬ ಔಷಧಿ ಬಂತು. 2025ರಲ್ಲಿ ಜೆಮ್ಸಿಟಬೀನ್ ಔಷಧಿಯನ್ನು ನಿಧಾನವಾಗಿ ಬಿಡುವ, ಮೂತ್ರಕೋಶದೊಳಗೇ ಇಡುವ ಟಾರ್-200 ಎಂಬ ಪುಟ್ಟ ಸಾಧನಕ್ಕೂ ಒಪ್ಪಿಗೆ ಸಿಕ್ಕಿತು. ಇದರ ಫಲಿತಾಂಶ ಇವೆಲ್ಲಕ್ಕಿಂತ ಹುರುಪು ತರುವಂಥದ್ದು: ಹತ್ತರಲ್ಲಿ ಎಂಟು ಜನರಿಗೆ ಮೊದಲು ಕಾಯಿಲೆ ಹೋಯಿತು, ಅವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಹಾಗೆಯೇ ನಿಂತಿತು. ಇವು ಯಾವುವೂ ಸಿಗದ ಕಡೆ ಜೆಮ್ಸಿಟಬೀನ್ ಮತ್ತು ಡೋಸಿಟಾಕ್ಸೆಲ್ ಎಂಬ ಎರಡು ಹಳೆಯ ಕೀಮೋ ಔಷಧಿಗಳನ್ನು ಒಂದಾದ ಮೇಲೊಂದು ಮೂತ್ರಕೋಶದೊಳಗೆ ಹಾಕುತ್ತಾರೆ. ಹಳೆಯವೇ ಆದರೂ ಕಡೆಗಣಿಸುವಂಥ ಚಿಕಿತ್ಸೆ ಅಲ್ಲ.

ಈ ಸಂಖ್ಯೆಗಳನ್ನು ನೋಡಿ ಯಜಮಾನರು, “ನೋಡು, ದಾರಿ ಇದೆ” ಅನ್ನಬಹುದು. ದಾರಿ ಇದೆ, ನಿಜ. ಆದರೆ ಇವುಗಳ ಲೆಕ್ಕ ಇರುವುದು ಕೆಲವೇ ವರ್ಷಗಳದ್ದು. ಆಪರೇಷನ್ನಿನ ಲೆಕ್ಕ ಹತ್ತು ಹದಿನೈದು ವರ್ಷದ್ದು. ಹೃದಯ, ಶ್ವಾಸಕೋಶ ತೀರಾ ದುರ್ಬಲವಾಗಿ ಆಪರೇಷನ್ ತಡೆದುಕೊಳ್ಳಲಾರದವರಿಗೆ, ಅಥವಾ ಎಲ್ಲ ತಿಳಿದ ಮೇಲೂ ಬೇಡ ಅನ್ನುವವರಿಗೆ ನಾನು ಈ ಔಷಧಿಗಳನ್ನು ಧೈರ್ಯವಾಗಿ ಹೇಳುತ್ತೇನೆ. 64 ವರ್ಷದ, ಗಟ್ಟಿಯಾಗಿರುವ, ಟಿ1 ಜೊತೆಗೆ ಸಿಐಎಸ್ ಮರಳಿರುವ ವ್ಯಕ್ತಿಗೆ ನನ್ನ ಮೊದಲ ಸಲಹೆ ಆಪರೇಷನ್ನೇ. ಅವರು ಔಷಧಿಯನ್ನೇ ಆರಿಸಿಕೊಂಡರೆ ಒಂದು ಮಾತು ಮೊದಲೇ ಆಗಲಿ: ಒಂದೇ ಔಷಧಿ, ಮೂರು ತಿಂಗಳಿಗೊಮ್ಮೆ ತಪ್ಪದೆ ದುರ್ಬೀನು ಮತ್ತು ಮೂತ್ರದ ಜೀವಕೋಶ ಪರೀಕ್ಷೆ, ಮತ್ತೆ ಹೈ ಗ್ರೇಡ್ ಕಂಡರೆ ಆಪರೇಷನ್. ಒಂದರ ಮೇಲೊಂದು ಔಷಧಿ ಬದಲಾಯಿಸುತ್ತಾ ಎರಡು ವರ್ಷ ಕಳೆದು, ಕೊನೆಗೆ ಗ್ರಂಥಿಗಳಿಗೆ ಹರಡಿದ ಮೇಲೆ ಬರುವವರನ್ನು ನೋಡುವಾಗ ಬಹಳ ಸಂಕಟವಾಗುತ್ತದೆ.

ರೇಡಿಯೇಷನ್ ಬಗ್ಗೆ. ಸ್ನಾಯುವಿಗೆ ಇಳಿದ ಒಂದೇ ಗಡ್ಡೆ ಇರುವ ಕೆಲವರಲ್ಲಿ, ಗಡ್ಡೆಯನ್ನು ಪೂರ್ತಿ ಕೆರೆದು, ಕೀಮೋ ಮತ್ತು ರೇಡಿಯೇಷನ್ ಒಟ್ಟಿಗೆ ಕೊಟ್ಟು ಮೂತ್ರಕೋಶ ಉಳಿಸುವ ಒಳ್ಳೆಯ ಪದ್ಧತಿ ಇದೆ. ಆದರೆ ಹರಡಿಕೊಂಡ ಸಿಐಎಸ್ ಇದ್ದವರು ಅದಕ್ಕೆ ಹೊಂದುವುದಿಲ್ಲ. ಅಲ್ಲದೆ ರೇಡಿಯೇಷನ್ ಸೋತ ಮೇಲೆ ಮೂತ್ರಕೋಶ ತೆಗೆಯುವುದು ಬಹಳ ಕಷ್ಟ. ಒಳಗೆಲ್ಲ ಅಂಟಿಕೊಂಡಿರುತ್ತದೆ, ಗಾಯ ನಿಧಾನವಾಗಿ ಮಾಯುತ್ತದೆ, ಕರುಳು ಹೊಲಿದ ಜಾಗ ಸೋರುವ ಭಯ ಜಾಸ್ತಿ. ಹೊಸ ಮೂತ್ರಕೋಶ ಕಟ್ಟುವ ಅವಕಾಶವೂ ಹೆಚ್ಚಿನವರಿಗೆ ಕೈತಪ್ಪುತ್ತದೆ.

ಇನ್ನು ಆಪರೇಷನ್. ಇದು ದೊಡ್ಡದು, ಅದನ್ನು ಮುಚ್ಚಿಡುವುದಿಲ್ಲ. ಗಂಡಸರಲ್ಲಿ ಮೂತ್ರಕೋಶ, ಅದರ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ, ವೀರ್ಯಕೋಶ ಮತ್ತು ಸೊಂಟದ ಒಳಗಿನ ಲಿಂಫ್ ಗ್ರಂಥಿಗಳನ್ನು ತೆಗೆಯುತ್ತಾರೆ. ಹೆಂಗಸರಲ್ಲಿ ಹಿಂದೆಲ್ಲ ಗರ್ಭಕೋಶ, ಅಂಡಾಶಯ, ಯೋನಿಯ ಮುಂಭಾಗ ಎಲ್ಲವನ್ನೂ ಸೇರಿಸಿ ತೆಗೆಯುತ್ತಿದ್ದರು. ಈಗ ಕಾಯಿಲೆ ಆ ಕಡೆ ಇಲ್ಲದಿದ್ದರೆ ಇವನ್ನು ಉಳಿಸಬಹುದು. ಇದನ್ನು ಓದುತ್ತಿರುವ ಹೆಂಗಸರು ಬಾಯಿಬಿಟ್ಟು ಕೇಳಬೇಕು. ನಾಲ್ಕರಿಂದ ಆರು ಗಂಟೆ, ಕೆಲವೊಮ್ಮೆ ಇನ್ನೂ ಜಾಸ್ತಿ ಹೊತ್ತು ಹಿಡಿಯುತ್ತದೆ. ಆಸ್ಪತ್ರೆಯಲ್ಲಿ ಸುಮಾರು ಒಂದು ವಾರ, ಹತ್ತು ದಿನ. ಮೊದಲಿನ ಶಕ್ತಿ ಬರಲು ಎರಡು ಮೂರು ತಿಂಗಳು.

ಮೂರು ತಿಂಗಳ ಒಳಗೆ ಏನಾದರೂ ಒಂದು ತೊಂದರೆ ಅರ್ಧಕ್ಕಿಂತ ಜಾಸ್ತಿ ಜನರಿಗೆ ಆಗುತ್ತದೆ. ಹೆದರಬೇಡಿ, ಇವುಗಳಲ್ಲಿ ಹೆಚ್ಚಿನವು ಸಣ್ಣವು: ಕರುಳು ಕೆಲಸ ಶುರು ಮಾಡಲು ತಡವಾಗುವುದು, ಮೂತ್ರದ ಸೋಂಕು, ಗಾಯದ ಸೋಂಕು. ದೊಡ್ಡವೂ ಇವೆ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು, ಹೊಲಿಗೆ ಸೋರುವುದು, ಹೃದಯದ ತೊಂದರೆ. ಮೊದಲ ಮೂರು ತಿಂಗಳಲ್ಲಿ ನೂರಕ್ಕೆ ಎರಡರಿಂದ ಐದು ಜನ ಸಾಯುವುದುಂಟು. ಪದೇ ಪದೇ ಈ ಆಪರೇಷನ್ ಮಾಡುವ ಕಡೆ ಈ ಸಂಖ್ಯೆ ಕಡಿಮೆ. ಅದಕ್ಕೇ ಯುರೋಪಿನ ಯುರಾಲಜಿ ಸಂಘ, ಒಂದು ಆಸ್ಪತ್ರೆ ವರ್ಷಕ್ಕೆ ಕನಿಷ್ಠ 10, ಸಾಧ್ಯವಾದರೆ 20ಕ್ಕಿಂತ ಜಾಸ್ತಿ ಇಂಥ ಆಪರೇಷನ್ ಮಾಡುತ್ತಿರಬೇಕು ಅನ್ನುತ್ತದೆ. ನಿಮ್ಮ ಡಾಕ್ಟರನ್ನು “ವರ್ಷಕ್ಕೆ ಎಷ್ಟು ಮಾಡುತ್ತೀರಿ?” ಅಂತ ಕೇಳಿ. ಒಳ್ಳೆಯ ಸರ್ಜನ್ ಅದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ರೋಬೋಟಿನಿಂದಲೋ ಹೊಟ್ಟೆ ತೆರೆದೋ ಎಂಬ ಚರ್ಚೆ ಬಹಳ ನಡೆಯುತ್ತದೆ. ಕ್ಯಾನ್ಸರ್ ವಿಷಯದಲ್ಲಿ ಎರಡರ ಫಲಿತಾಂಶವೂ ಸಮ ಎಂದು 2018ರಲ್ಲಿ ಬಂದ ದೊಡ್ಡ ಅಧ್ಯಯನ ತೋರಿಸಿದೆ. ರೋಬೋಟಿನಲ್ಲಿ ರಕ್ತ ಕಡಿಮೆ ಹೋಗುತ್ತದೆ, ಸ್ವಲ್ಪ ಬೇಗ ಮನೆಗೆ ಹೋಗಬಹುದು. ಆದರೆ ಯಂತ್ರಕ್ಕಿಂತ ಕೈಯ ಅನುಭವ ಮುಖ್ಯ.

ಈಗ ನಿಮ್ಮನ್ನು ಅತಿ ಹೆಚ್ಚು ಕಾಡುತ್ತಿರುವ ಚೀಲದ ವಿಷಯ. ಮೂತ್ರಕೋಶ ಹೋದ ಮೇಲೆ ಕಿಡ್ನಿಯಿಂದ ಬರುವ ಮೂತ್ರಕ್ಕೆ ಹೊಸ ದಾರಿ ಬೇಕಲ್ವಾ? ಹೆಚ್ಚಾಗಿ ಎರಡರಲ್ಲಿ ಒಂದನ್ನು ಮಾಡುತ್ತಾರೆ.

ಮೊದಲನೆಯದು ಇಲಿಯಲ್ ಕಾಂಡ್ಯೂಟ್. 1950ರಲ್ಲಿ ಬ್ರಿಕರ್ ಎಂಬ ಸರ್ಜನ್ ವಿವರಿಸಿದ್ದು, ಇವತ್ತಿಗೂ ಅತಿ ಹೆಚ್ಚು ಮಾಡುವುದು ಇದನ್ನೇ. ಸಣ್ಣ ಕರುಳಿನ 15-20 ಸೆಂಟಿಮೀಟರ್ ತುಂಡನ್ನು ಬೇರೆ ಮಾಡಿ, ಅದರ ಒಂದು ತುದಿಗೆ ಕಿಡ್ನಿಗಳಿಂದ ಬರುವ ಎರಡೂ ಮೂತ್ರನಾಳ ಜೋಡಿಸಿ, ಇನ್ನೊಂದು ತುದಿಯನ್ನು ಹೊಟ್ಟೆಯ ಬಲಗಡೆ ಹೊರಗೆ ತರುತ್ತಾರೆ. ಆ ಬಾಯಿಗೆ ಸ್ಟೋಮಾ ಅನ್ನುತ್ತಾರೆ. ಕೆಂಪಗೆ, ಒದ್ದೆಯಾಗಿ ಇರುತ್ತದೆ. ಮುಟ್ಟಿದರೆ ನೋವಾಗುವುದಿಲ್ಲ. ಅದರ ಮೇಲೆ ಅಂಟುವ ಚೀಲ. ಅರ್ಧ ತುಂಬುವಷ್ಟರಲ್ಲಿ ಕೆಳಗಿನ ನಲ್ಲಿ ತಿರುಗಿಸಿ ಖಾಲಿ ಮಾಡುವುದು, ಮೂರ್ನಾಲ್ಕು ದಿನಕ್ಕೊಮ್ಮೆ ಬದಲಾಯಿಸುವುದು, ರಾತ್ರಿ ದೊಡ್ಡ ಚೀಲಕ್ಕೆ ಜೋಡಿಸಿ ಮಲಗುವುದು. ಸರಿಯಾಗಿ ಕೂತರೆ ವಾಸನೆ ಬರುವುದಿಲ್ಲ, ಬಟ್ಟೆ ಮೇಲೆ ಕಾಣುವುದಿಲ್ಲ. ಸ್ನಾನ, ಪ್ರಯಾಣ, ಕೆಲಸ, ಈಜು ಎಲ್ಲವೂ ಆಗುತ್ತದೆ. ಒಂದನ್ನು ಮಾತ್ರ ಬಿಡಬೇಡಿ: ಸ್ಟೋಮಾ ಎಲ್ಲಿ ಬರಬೇಕು ಎಂದು ಆಪರೇಷನ್‌ಗೆ ಮುಂಚೆಯೇ, ಅವರನ್ನು ಕೂರಿಸಿ, ನಿಲ್ಲಿಸಿ, ಬಗ್ಗಿಸಿ ನೋಡಿ ಗುರುತು ಹಾಕಿಸಬೇಕು. ಬೆಲ್ಟ್ ಬರುವ ಕಡೆ, ಹೊಟ್ಟೆ ಮಡಚುವ ಕಡೆ ಬಂದರೆ ಚೀಲ ಸೋರುತ್ತಲೇ ಇರುತ್ತದೆ. ಚೀಲದಿಂದ ಬದುಕು ಹಾಳಾಯಿತು ಅನ್ನುವವರನ್ನು ವಿಚಾರಿಸಿದರೆ, ಎಷ್ಟೋ ಸಲ ತೊಂದರೆಯ ಬುಡ ಈ ಜಾಗದ ಆಯ್ಕೆಯಲ್ಲಿ ಸಿಗುತ್ತದೆ.

ಎರಡನೆಯದು ಹೊಸ ಮೂತ್ರಕೋಶ. ಕರುಳಿನ 50-60 ಸೆಂಟಿಮೀಟರ್ ತೆಗೆದು ಚೆಂಡಿನ ಆಕಾರಕ್ಕೆ ಹೊಲಿದು ಮೂತ್ರದ್ವಾರಕ್ಕೇ ಜೋಡಿಸುತ್ತಾರೆ. ಹೊರಗೆ ಚೀಲ ಇಲ್ಲ. ಕೇಳಿದ ತಕ್ಷಣ ಎಲ್ಲರೂ ಇದೇ ಬೇಕು ಅನ್ನುತ್ತಾರೆ. ಆದರೆ ಕರುಳಿಗೆ ‘ತುಂಬಿದೆ’ ಎಂದು ಹೇಳಲು ಬರುವುದಿಲ್ಲ. ಮೊದಮೊದಲು ಎರಡು ಗಂಟೆಗೊಮ್ಮೆ, ರಾತ್ರಿಯೂ ಅಲಾರಾಂ ಇಟ್ಟು ಎದ್ದು ಹೋಗಬೇಕು. ಕೆಳಗಿನ ಸ್ನಾಯು ಸಡಿಲ ಬಿಟ್ಟು, ಹೊಟ್ಟೆ ಬಿಗಿದು ಹೊರಹಾಕುವುದನ್ನು ಕಲಿಯಬೇಕು. ಕರುಳು ಲೋಳೆ ಬಿಡುತ್ತದೆ, ಅದನ್ನು ಆಗಾಗ ತೊಳೆಯಬೇಕಾಗಬಹುದು. ತಿಂಗಳುಗಳು ಕಳೆದಂತೆ ಅದು ಹಿಗ್ಗಿ 400-500 ಮಿಲಿ ಹಿಡಿಯುತ್ತದೆ. ವರ್ಷ ಕಳೆಯುವಷ್ಟರಲ್ಲಿ ಹಗಲು ಹೊತ್ತು ಹತ್ತರಲ್ಲಿ ಎಂಟೊಂಬತ್ತು ಜನರಿಗೆ ಹಿಡಿತ ಬರುತ್ತದೆ. ರಾತ್ರಿ ಸೋರುವುದು ಮಾತ್ರ ಹಲವರಲ್ಲಿ ಉಳಿಯುತ್ತದೆ. ಕೆಲವರಿಗೆ ಪೂರ್ತಿ ಖಾಲಿಯಾಗದೆ, ತಾವೇ ಕ್ಯಾತಿಟರ್ ಎಂಬ ತೆಳ್ಳನೆಯ ಕೊಳವೆ ಹಾಕಿಕೊಳ್ಳಬೇಕಾಗುತ್ತದೆ. ಕಿಡ್ನಿ ಚೆನ್ನಾಗಿರಬೇಕು. ಪ್ರಾಸ್ಟೇಟ್ ಒಳಗಿಂದ ಮೂತ್ರದ್ವಾರಕ್ಕೆ ಹೋಗುವ ದಾರಿಯಲ್ಲಿ ಕ್ಯಾನ್ಸರ್ ಇರಬಾರದು. ನಿಮ್ಮ ಯಜಮಾನರಿಗೆ ಸಿಐಎಸ್ ಇರುವುದರಿಂದ ಆ ಭಾಗದ ಬಯಾಪ್ಸಿ ಆಗಿದೆಯಾ ಎಂದು ಕೇಳಿ.

ಯಾವುದು ಮೇಲು? ಕಲಿಯುವ ತಾಳ್ಮೆ ಇದ್ದು, ರಾತ್ರಿ ಏಳಲು ತಯಾರಿರುವವರಿಗೆ ಹೊಸ ಮೂತ್ರಕೋಶ ಒಳ್ಳೆಯದು. ಬೇಗ ಚೇತರಿಸಿಕೊಂಡು ಇದರ ಯೋಚನೆಯೇ ಇಲ್ಲದೆ ಇರಬೇಕು ಅನ್ನುವವರಿಗೆ ಚೀಲವೇ ಸುಖ. ‘ಸಹಜವಾಗಿ ಕಾಣುತ್ತದೆ’ ಎಂಬ ಒಂದೇ ಕಾರಣಕ್ಕೆ ಹೊಸ ಮೂತ್ರಕೋಶ ಆರಿಸಿಕೊಳ್ಳಬೇಡಿ. ಎರಡನ್ನೂ ಮಾಡಿಸಿಕೊಂಡವರ ಜೊತೆ ಮಾತಾಡಲು ಅವಕಾಶ ಮಾಡಿಕೊಡಿ ಎಂದು ಡಾಕ್ಟರನ್ನು ಕೇಳಿ. ನಾವು ಒಂದು ಗಂಟೆ ವಿವರಿಸುವುದಕ್ಕಿಂತ, ಚೀಲ ಇಟ್ಟುಕೊಂಡು ಎದುರಿಗೆ ಆರಾಮವಾಗಿ ಕೂತ ಮನುಷ್ಯನ ಹತ್ತು ನಿಮಿಷದ ಮಾತು ನಿಮ್ಮ ಯಜಮಾನರ ಮನಸ್ಸಿಗೆ ಜಾಸ್ತಿ ತಟ್ಟುತ್ತದೆ.

ನೀವು ಸಂಕೋಚದಿಂದ ಕೇಳಿದ ಪ್ರಶ್ನೆ ಬಹಳ ಸರಿಯಾದ ಪ್ರಶ್ನೆ. ನಿಮಿರುವಿಕೆಯ ನರಗಳು ಪ್ರಾಸ್ಟೇಟ್‌ನ ಎರಡೂ ಬದಿಯಲ್ಲಿ ಅಂಟಿಕೊಂಡಂತೆ ಹೋಗುತ್ತವೆ. ಕ್ಯಾನ್ಸರ್ ಮೂತ್ರಕೋಶದ ಒಳಗೇ ಇರುವಾಗ ಇವನ್ನು ಉಳಿಸಲು ಪ್ರಯತ್ನಿಸಬಹುದು. ಬೇಗ ಮಾಡಿಸುವುದರಿಂದ ಆಗುವ ಇನ್ನೊಂದು ಲಾಭ ಇದು. ಉಳಿಸಿದರೂ ಮರಳಿ ಬರಲು ತಿಂಗಳುಗಳು, ಕೆಲವರಿಗೆ ಎರಡು ವರ್ಷ ಬೇಕು. ಎಲ್ಲರಿಗೂ ಬರುತ್ತದೆ ಎಂಬ ಭರವಸೆ ಕೊಡಲಾರೆ. ಮಾತ್ರೆ, ಇಂಜೆಕ್ಷನ್, ಪಂಪ್, ಇಂಪ್ಲಾಂಟ್ ಹೀಗೆ ಸಹಾಯಗಳಿವೆ. ವೀರ್ಯ ಮಾತ್ರ ಹೊರಬರುವುದಿಲ್ಲ. ಆದರೂ ಸುಖದ ಅನುಭವ ಉಳಿಯಬಹುದು. ಆಪರೇಷನ್‌ಗೆ ಮುಂಚೆಯೇ ನೀವಿಬ್ಬರೂ ಒಟ್ಟಿಗೆ ಕೂತು ಸರ್ಜನ್ ಹತ್ತಿರ ಇದನ್ನು ಮಾತಾಡಿ. ಆಮೇಲೆ ಕೇಳಿದರೆ ನರ ಉಳಿಸುವ ಮಾತೇ ಮುಗಿದಿರುತ್ತದೆ.

ಒಪ್ಪಿದರೆ, ಆಪರೇಷನ್ ದಿನದ ತನಕ ಸುಮ್ಮನೆ ಕಾಯಬಾರದು. ಬೀಡಿ ಸಿಗರೇಟು ಇದ್ದರೆ ಇವತ್ತೇ ನಿಲ್ಲಲಿ. ದಿನಾ ನಡೆಯಲಿ, ಪ್ರೋಟೀನ್ ಇರುವ ಊಟ ಜಾಸ್ತಿ ಮಾಡಲಿ. ಸಕ್ಕರೆ ಕಾಯಿಲೆ, ರಕ್ತಹೀನತೆ ಇದ್ದರೆ ಸರಿ ಮಾಡಿಸಿ. ಹಾಗೆಂದು ತಯಾರಿಯ ಹೆಸರಿನಲ್ಲಿ ಮೂರು ತಿಂಗಳು ದಾಟಬಾರದು. ಆಪರೇಷನ್ ಆದ ಮಾರನೇ ದಿನವೇ ಎಬ್ಬಿಸಿ ನಡೆಸುತ್ತಾರೆ. ಚೂಯಿಂಗ್ ಗಮ್ ಅಗಿಯಲು ಕೊಡುವುದೂ ಉಂಟು, ಅದರಿಂದ ಕರುಳು ಬೇಗ ಎಚ್ಚರವಾಗುತ್ತದೆ. ರಕ್ತ ಹೆಪ್ಪುಗಟ್ಟದಂತೆ ಸುಮಾರು ನಾಲ್ಕು ವಾರ ಚರ್ಮದಡಿ ಇಂಜೆಕ್ಷನ್ ಇರುತ್ತದೆ. ಮನೆಗೆ ಬಂದ ಮೇಲೆ ಅದನ್ನು ನಿಲ್ಲಿಸಬೇಡಿ. ತೆಗೆದ ಮೂತ್ರಕೋಶದ ರಿಪೋರ್ಟ್‌ನಲ್ಲಿ ಕಾಯಿಲೆ ಸ್ನಾಯುವನ್ನೂ ದಾಟಿತ್ತು ಅಥವಾ ಗ್ರಂಥಿಗೆ ಹೋಗಿತ್ತು ಎಂದು ಬಂದರೆ ಕೀಮೋ ಅಥವಾ ಇಮ್ಯುನೊಥೆರಪಿ ಬೇಕಾಗಬಹುದು. ಅದಕ್ಕೂ ಮನಸ್ಸು ತಯಾರಿರಲಿ.

ಆಮೇಲೆ ಜೀವನಪೂರ್ತಿ ಕಣ್ಣಿಡಬೇಕು. ಮೊದಲ ವರ್ಷಗಳಲ್ಲಿ ಆಗಾಗ ಸಿಟಿ ಸ್ಕ್ಯಾನ್, ಕಿಡ್ನಿಯ ರಕ್ತಪರೀಕ್ಷೆ. ಮೂತ್ರನಾಳ ಕರುಳಿಗೆ ಸೇರುವ ಜಾಗ ಕಿರಿದಾದರೆ ನೋವಿಲ್ಲದೆಯೇ ಕಿಡ್ನಿ ಊದಿಕೊಳ್ಳಬಹುದು. ಸಣ್ಣ ಕರುಳಿನ ಕೊನೆಯ ಭಾಗ ಬಳಸುವುದರಿಂದ ವರ್ಷಗಳು ಕಳೆದಂತೆ ಬಿ12 ಕಡಿಮೆಯಾಗಬಹುದು, ವರ್ಷಕ್ಕೊಮ್ಮೆ ನೋಡಿಸಿ. ಹೊಸ ಮೂತ್ರಕೋಶದವರಿಗೆ ರಕ್ತದಲ್ಲಿ ಆಮ್ಲ ಜಾಸ್ತಿಯಾಗಿ ಸುಸ್ತು, ಹಸಿವಿಲ್ಲದಿರುವುದು ಬರಬಹುದು. ಸೋಡಾ ಮಾತ್ರೆಯಿಂದ ಸರಿಹೋಗುತ್ತದೆ.

ಮುಂದೆ ಬೇರೆ ಯಾವ ಡಾಕ್ಟರ್ ಹತ್ತಿರ ಹೋದರೂ, ಮೂತ್ರ ಕರುಳಿನ ಮೂಲಕ ಬರುತ್ತದೆ ಎಂದು ಮೊದಲೇ ಹೇಳಿ. ಇಂಥವರ ಮೂತ್ರದಲ್ಲಿ ಬ್ಯಾಕ್ಟೀರಿಯಾ, ಲೋಳೆ ಸಾಮಾನ್ಯವಾಗಿ ಇದ್ದೇ ಇರುತ್ತವೆ. ಬರೀ ರಿಪೋರ್ಟ್ ನೋಡಿ ಪ್ರತಿ ಸಲ ಆ್ಯಂಟಿಬಯಾಟಿಕ್ ಬೇಡ. ಚಳಿ ಜ್ವರ, ಪಕ್ಕೆ ನೋವು, ಚೀಲಕ್ಕೆ ಬರುವ ಮೂತ್ರ ಇದ್ದಕ್ಕಿದ್ದಂತೆ ಕಡಿಮೆಯಾಗುವುದು, ಇವು ಕಂಡರೆ ಮಾತ್ರ ತಡಮಾಡದೆ ಅದೇ ದಿನ ಆಪರೇಷನ್ ಮಾಡಿದವರನ್ನು ನೋಡಿ.